ಜೋಮು ಅಂದರೆ ಯಾವ ಜೋಮು?

ಪ್ರಶ್ನೆ: ನನಗೆ 37 ವರ್ಷ. ತವರು ಕುಷ್ಟಗಿ ಕಡೆಯ ಹಳ್ಳಿ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದೆ. ಎರಡೂವರೆ ವರ್ಷದಿಂದ ಮೈಯೆಲ್ಲ ನೋವು. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ತೊಡೆ. ಎಂಟು ತಾಸು ಮಲಗಿದರೂ ಮಲಗೇ ಇಲ್ಲವೇನೋ ಅನ್ನುವ ಹಾಗೆ ಏಳುತ್ತೇನೆ. ಕೈಕಾಲು ಜೋಮು ಹಿಡಿಯುತ್ತವೆ, ಶಕ್ತಿಯೇ ಇಲ್ಲ, ಮರೆವು ಬೇರೆ. ರಕ್ತ ಪರೀಕ್ಷೆ ನಾರ್ಮಲ್. ಕುತ್ತಿಗೆಯ ಎಂಆರ್‌ಐನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬಂತು. ಒಬ್ಬ ಡಾಕ್ಟರು ಫೈಬ್ರೊಮಯಾಲ್ಜಿಯಾ ಅಂದರು, ಇನ್ನೊಬ್ಬರು ನರದ ವೀಕ್‌ನೆಸ್ ಅಂದರು. ಫೋನಿನಲ್ಲಿ ನೋಡಿದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೂ ಇವೇ ಲಕ್ಷಣ. ರಾತ್ರಿ ನಿದ್ದೆ ಬರುತ್ತಿಲ್ಲ. ತಲೆಯ ಎಂಆರ್‌ಐ ಮಾಡಿಸಬೇಕಾ? ಕೆಲಸ ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತಿಗೆ ಗೆರೆ ಎಳೆದಿಟ್ಟುಕೊಂಡಿದ್ದೇನೆ. ಒಂದು ‘ಜೋಮು’, ಇನ್ನೊಂದು ‘ಶಕ್ತಿ ಇಲ್ಲ’. ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಮಾತಿನೊಳಗೇ ಇದೆ. ಕಷ್ಟ ಏನೆಂದರೆ, ನಮ್ಮ ಭಾಗದಲ್ಲಿ ಜೋಮು ಅನ್ನುವ ಒಂದೇ ಮಾತಿಗೆ ಮೂರು ಅರ್ಥ.

ಮೊದಲನೆಯದು, ಚಕ್ಕಂಬಕ್ಕಳ ಹಾಕಿ ಕೂತು ಎದ್ದಾಗ ಕಾಲು ಜುಮುಜುಮು ಅನ್ನುವುದು. ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ. ಎರಡನೆಯದು, ಮುಟ್ಟಿದರೆ ಗೊತ್ತಾಗದಿರುವುದು. ಬಿಸಿ ಹಂಚು ತಾಗಿದರೂ ಬೊಬ್ಬೆ ಎದ್ದ ಮೇಲೆ ನೋಡಿಕೊಳ್ಳುವುದು. ಮೂರನೆಯದು, ಕೈ ಮಾತು ಕೇಳದಿರುವುದು. ಲೋಟ ಹಿಡಿದರೆ ಜಾರುವುದು. ಮೂರಕ್ಕೂ ಜನ ‘ಜೋಮು ಹಿಡೀತದ್ರಿ’ ಅಂತಲೇ ಹೇಳುತ್ತಾರೆ. ಡಾಕ್ಟರ ಕಿವಿಗೆ ಮಾತ್ರ ಅವು ಮೂರು ಬೇರೆ ಬೇರೆ ದಾರಿ. ಮೊದಲನೆಯದು ಇಲ್ಲದ್ದು ಹೆಚ್ಚಾಗಿ ಕಾಣಿಸಿಕೊಳ್ಳುವುದು. ಉಳಿದೆರಡು ಇದ್ದದ್ದು ಕಳೆದುಹೋಗುವುದು.

ನರರೋಗವನ್ನು ಹುಡುಕುವಾಗ ನಾನು ನೋವು ಎಷ್ಟಿದೆ ಎಂದು ಅಷ್ಟಾಗಿ ನೋಡುವುದಿಲ್ಲ. ಏನು ಕಳೆದುಹೋಗಿದೆ ಎಂದು ನೋಡುತ್ತೇನೆ. ಇದು ವಿಚಿತ್ರ ಅನ್ನಿಸಬಹುದು. ನೋವು ಜಾಸ್ತಿ ಇದ್ದರೆ ರೋಗವೂ ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಕೋಣೆಗೆ ಬರುವವರಲ್ಲಿ ಅತಿ ಹೆಚ್ಚು ನೋವು ಹೇಳುವವರ ನರಗಳು ಎಷ್ಟೋ ಸಲ ಗಟ್ಟಿಮುಟ್ಟಾಗಿರುತ್ತವೆ. ನಿಜವಾಗಿ ನರ ಕೆಟ್ಟವರು ಒಮ್ಮೊಮ್ಮೆ ನಗುನಗುತ್ತಲೇ ಒಳಗೆ ಬರುತ್ತಾರೆ. ಒಬ್ಬ ಅಜ್ಜಿ ಬಂದಿದ್ದರು. ಕಾಯಿಲೆ ಏನಮ್ಮ ಎಂದು ಕೇಳಿದರೆ, ‘ಏನಿಲ್ಲಪ್ಪ, ದಾರ್‍ಯಾಗ ಚಪ್ಪಲಿ ಕಳಚಿ ಬಿದ್ದಿತ್ತು, ಮನಿ ತನಕ ಬಂದ ಮ್ಯಾಲ ಗೊತ್ತಾತು’ ಅಂದರು. ನೋವಿನ ಸುದ್ದಿಯೇ ಇಲ್ಲ. ಆ ಒಂದು ಮಾತು ಸಾಕಾಗಿತ್ತು. ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಅಂಗಾಲಿನ ಸ್ಪರ್ಶ ಪೂರ್ತಿ ಹೋಗಿತ್ತು.

‘ಶಕ್ತಿ ಇಲ್ಲ’ ಅನ್ನುವುದೂ ಹೀಗೇ ಎರಡು ಥರ. ದಣಿವಿನಿಂದ ಕೈ ಎತ್ತಲು ಮನಸ್ಸಾಗದಿರುವುದು ಒಂದು. ಎತ್ತಬೇಕೆಂದರೂ ಕೈ ಏಳದಿರುವುದು ಇನ್ನೊಂದು. ಫೈಬ್ರೊಮಯಾಲ್ಜಿಯಾದಲ್ಲಿ ಮೊದಲನೆಯದು ಇರುತ್ತದೆ, ಅದೂ ಕಡಿಮೆಯೇನಲ್ಲ. ಆದರೆ ‘ಜೋರಾಗಿ ಒತ್ತಿ ತಾಯಿ, ನೋವಾದರೂ ಒಂದೇ ಕ್ಷಣ’ ಅಂದರೆ ಪೂರ್ತಿ ಬಲ ಬರುತ್ತದೆ. ನರ ಅಥವಾ ಸ್ನಾಯು ಕೆಟ್ಟಿದ್ದರೆ ಎಷ್ಟು ಹುರಿದುಂಬಿಸಿದರೂ ಬಲ ಬರುವುದಿಲ್ಲ.

ನೀವು ಮಷೀನ್ ಮುಂದೆ ಕೂರುವವರು, ಅದರಲ್ಲೇ ಹೇಳುತ್ತೇನೆ. ಹೊಲಿಗೆ ಕೆಡುವುದಕ್ಕೆ ಎರಡು ಕಾರಣ ಇರಬಹುದು ಅಲ್ವಾ? ದಾರ ಹರಿದಿರಬಹುದು. ಇಲ್ಲವೇ ದಾರ ಸರಿಯಾಗಿದ್ದು, ಟೆನ್ಷನ್ ಗುಂಡಿ ಜಾಸ್ತಿ ತಿರುಗಿರಬಹುದು. ಆಗ ಬಟ್ಟೆ ಸುಕ್ಕುಗಟ್ಟುತ್ತದೆ, ಹೊಲಿಗೆ ಎಳೆಯುತ್ತದೆ, ದಾರ ಮಾತ್ರ ಒಂದೆಳೆಯೂ ಹರಿದಿರುವುದಿಲ್ಲ. ಫೈಬ್ರೊಮಯಾಲ್ಜಿಯಾ ಈ ಎರಡನೆಯ ಥರದ್ದು. ನರ ತುಂಡಾಗಿಲ್ಲ, ಕೊಳೆತಿಲ್ಲ. ನೋವಿನ ಸುದ್ದಿಯನ್ನು ಹೊತ್ತೊಯ್ಯುವ ಬೆನ್ನುಹುರಿ ಮತ್ತು ಮಿದುಳು ಆ ಸುದ್ದಿಯನ್ನು ಹಿಗ್ಗಿಸಿ ಕೇಳಿಸಿಕೊಳ್ಳುತ್ತಿವೆ. ಬೇರೆಯವರಿಗೆ ಬರೀ ಒತ್ತಡ ಅನ್ನಿಸುವುದು ನಿಮಗೆ ನೋವಾಗುತ್ತದೆ. ಮಗು ಬಂದು ತಬ್ಬಿಕೊಂಡರೂ ಹೆಗಲು ಹಿಂಡಿದಂತಾಗುತ್ತದೆ. ಇದು ‘ಟೆನ್ಷನ್ ಮಾಡ್ಕೋಬ್ಯಾಡ್ರಿ’ ಅಂತ ಹೇಳಿ ಕಳಿಸುವ ಟೆನ್ಷನ್ ಅಲ್ಲ, ತಪ್ಪು ತಿಳಿಯಬೇಡಿ. ನೋವು ನಿಜ. ಗಾಯ ಇಲ್ಲ, ಅಷ್ಟೇ. 2017ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಇಂಥ ನೋವಿಗೆ ‘ನೋಸಿಪ್ಲಾಸ್ಟಿಕ್’ ಎಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಗಾಯದ ನೋವು, ನರ ಕೆಟ್ಟ ನೋವು, ಈಗ ಇದು ಮೂರನೆಯದು.

ಇದನ್ನು ಪತ್ತೆ ಮಾಡುವ ರೀತಿಯೂ ಬದಲಾಗಿದೆ. 1990ರ ನಿಯಮದ ಪ್ರಕಾರ ಮೈಮೇಲೆ 18 ಜಾಗ ಒತ್ತಿ ನೋಡಬೇಕಿತ್ತು, 11ರಲ್ಲಿ ನೋವಿರಬೇಕಿತ್ತು. ಈಗಲೂ ಕೆಲವರು ಒತ್ತಿ ನೋಡುತ್ತಾರೆ, ತಪ್ಪೇನಿಲ್ಲ. 2010ರಿಂದ ಲೆಕ್ಕ ಬೇರೆ. ಮೈಯನ್ನು 19 ಭಾಗ ಮಾಡಿ ಎಷ್ಟರಲ್ಲಿ ನೋವಿದೆ ಎಂದು ಕೇಳುತ್ತಾರೆ. ಜೊತೆಗೆ ದಣಿವು, ನಿದ್ದೆ ಮಾಡಿದರೂ ನೀಗದ ಆಯಾಸ, ಮರೆವು ಇವಕ್ಕೆ ಅಂಕ. ಇದೆಲ್ಲ ಕನಿಷ್ಠ 3 ತಿಂಗಳಿಂದ ಇರಬೇಕು. ನೀವು ಬರೆದಿರುವುದು ಈ ಚಿತ್ರಕ್ಕೆ ಬಹಳ ಹತ್ತಿರ ಇದೆ. ಇವತ್ತು ಭುಜ, ನಾಳೆ ಸೊಂಟ ಎಂದು ಜಾಗ ಬದಲಿಸುವ ನೋವು ಕೂಡ ಅದಕ್ಕೇ ಹೊಂದುತ್ತದೆ. ನರಕ್ಕೆ ಅದರದೇ ದಾರಿ ಇರುತ್ತದೆ, ಬಸ್ಸಿಗೆ ರೂಟ್ ಇದ್ದ ಹಾಗೆ. ಒಂದು ನರ ಕೆಟ್ಟರೆ ಅದು ಓಡಾಡುವ ಊರುಗಳಲ್ಲೇ ತೊಂದರೆ.

ಹಾಗಾದರೆ ಮಲ್ಟಿಪಲ್ ಸ್ಕ್ಲೆರೋಸಿಸ್? ನಿದ್ದೆ ಕೆಡಿಸಿದ್ದು ಅದೇ ತಾನೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಇದರಲ್ಲಿ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಎಳೆಗಳ ಮೇಲಿನ ಹೊದಿಕೆಯನ್ನು ದೇಹದ ರೋಗನಿರೋಧಕ ಶಕ್ತಿಯೇ ತಿಂದುಹಾಕುತ್ತದೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಇದನ್ನು ಸ್ಪಷ್ಟವಾಗಿ ಬೇರೆ ರೋಗ ಎಂದು ವಿವರಿಸಿದ. ಹೆಂಗಸರಲ್ಲಿ ಜಾಸ್ತಿ, ಶುರುವಾಗುವುದು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ. ಅಂದರೆ ನಿಮ್ಮ ವಯಸ್ಸೂ ಅದರೊಳಗೇ ಬರುತ್ತದೆ, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಯುರೋಪಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಬಹಳ ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ.

ಅದರ ನಡೆ ಬೇರೆ. ಒಂದು ಕಡೆ ಬರುತ್ತದೆ, ಕೆಲವು ತಾಸು ಅಥವಾ ಕೆಲವು ದಿನಗಳಲ್ಲಿ ಏರುತ್ತದೆ, ವಾರಗಟ್ಟಲೆ ಕೂರುತ್ತದೆ, ಆಮೇಲೆ ಪೂರ್ತಿಯೋ ಅರ್ಧವೋ ಇಳಿಯುತ್ತದೆ. ಕನಿಷ್ಠ 24 ತಾಸು ಉಳಿಯದ ಲಕ್ಷಣವನ್ನು ಅದರ ಹೊಸ ದಾಳಿ ಎಂದು ನಾವು ಎಣಿಸುವುದೇ ಇಲ್ಲ. ಬೆಳಿಗ್ಗೆ ಎಡಗೈ, ಮಧ್ಯಾಹ್ನ ಬಲಗಾಲು, ಸಂಜೆ ಏನೂ ಇಲ್ಲ ಅನ್ನುವ ಜೋಮು ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಶುರುವಾಗುವ ಬಗೆಯೂ ಬೇರೆ. ಒಂದೇ ಕಣ್ಣು ಮಬ್ಬಾಗುತ್ತದೆ, ಕಣ್ಣು ತಿರುಗಿಸಿದರೆ ನೋವು. ಕುಂಕುಮದ ಕೆಂಪು ಆ ಕಣ್ಣಿಗೆ ಮಾಸಿದ ಹಾಗೆ ಕಾಣುತ್ತದೆ. ಇಲ್ಲವೇ ಸೊಂಟದಿಂದ ಕೆಳಗೆ ಸ್ಪರ್ಶ ಇಳಿಯುತ್ತದೆ, ಒಂದು ಕಾಲು ಎಳೆಯುತ್ತದೆ, ಮೂತ್ರ ತಡೆಯಲಾಗುವುದಿಲ್ಲ ಅಥವಾ ಬರುವುದೇ ಇಲ್ಲ. ಕತ್ತು ಬಗ್ಗಿಸಿದರೆ ಬೆನ್ನಿನ ಉದ್ದಕ್ಕೂ ಕರೆಂಟ್ ಹೊಡೆದ ಹಾಗಾಗುವುದೂ ಉಂಟು, ಆದರೆ ಅದು ಕುತ್ತಿಗೆಯ ಬೇರೆ ತೊಂದರೆಗಳಲ್ಲೂ ಆಗುತ್ತದೆ.

ಇನ್ನೊಂದು ಬಿಸಿಲಿನ ವಿಷಯ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ, ಎಂದು ನಾವೇ ನಗಾಡುತ್ತೇವೆ. ಈ ರೋಗದಲ್ಲಿ ಮೈ ಬಿಸಿಯಾದರೆ ಹಳೆಯ ಲಕ್ಷಣ ಮತ್ತೆ ತಲೆ ಎತ್ತುತ್ತದೆ. ಬಿಸಿನೀರಿನ ಸ್ನಾನ ಮಾಡಿ ಬಂದರೆ ಕಣ್ಣು ಮಂಜಾಗುತ್ತದೆ, ಮೈ ತಣ್ಣಗಾದ ಮೇಲೆ ಸರಿಹೋಗುತ್ತದೆ. ಬಿಸಿಲಿನಲ್ಲಿ ಸುಸ್ತಾಗುವುದು ಬೇರೆ ಮಾತು. ಮೇ ತಿಂಗಳಲ್ಲಿ ಇಲ್ಲಿ ಯಾರಿಗೆ ಸುಸ್ತಿಲ್ಲ ಹೇಳಿ?

ನೀವು ಬರೆದುದರಲ್ಲಿ ಇದ್ಯಾವುದೂ ಇಲ್ಲ. ಎರಡೂವರೆ ವರ್ಷದಲ್ಲಿ ಒಂದು ಸಲವೂ ಹೀಗೆ ಆಗಿಲ್ಲ ಅಂದರೆ, ಆ ರೋಗದ ಸಾಧ್ಯತೆ ತೀರಾ ಕಡಿಮೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಫೋನು ನಿಮಗೆ ತೋರಿಸಿದ್ದು ಅಲ್ಲೆಲ್ಲೋ ಅಪರೂಪಕ್ಕೆ ಬರುವ ರೋಗ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಮೈನೋವು ಮತ್ತು ಜೋಮಿನ ವೇಷ ಹಾಕಿಕೊಂಡು ಬರುವವು ಬೇರೆಯೇ ಇವೆ. ಅವುಗಳಲ್ಲಿ ಬಹುಪಾಲು ಗುಣವಾಗುವಂಥವು ಅಥವಾ ತಡೆಯಬಹುದಾದವು. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ನಿಮ್ಮ ಕಸುಬಿಗೆ ಹತ್ತಿರದ್ದು ಕಾರ್ಪಲ್ ಟನಲ್. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿಯಲ್ಲಿ ನರವೊಂದು ಅಂಗೈಗೆ ಇಳಿಯುತ್ತದೆ. ದಪ್ಪ ಡೆನಿಮ್ ಬಟ್ಟೆಯನ್ನು ದಿನವಿಡೀ ಒತ್ತಿ ಹಿಡಿದು ತಳ್ಳುವವರಿಗೆ, ಮನೆಗೆ ಹೋಗಿ ಮತ್ತೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುವವರಿಗೆ ಅಲ್ಲಿ ನರ ಹಿಚುಕಿಹೋಗುತ್ತದೆ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಜೋಮು ಹಿಡಿದು ಎಚ್ಚರವಾದರೆ ಯಾವ ಬೆರಳು ಎಂದು ನೋಡಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಜುಮು ಅಂದು ಕಿರುಬೆರಳು ಚೆನ್ನಾಗಿದ್ದರೆ, ಕೈ ಕೊಡವಿದಾಗ ಹಾಯೆನಿಸಿದರೆ, ಅದು ಮಣಿಕಟ್ಟಿನ ಕಥೆ. ಕುತ್ತಿಗೆಯ ಎಂಆರ್‌ಐ ಅದನ್ನು ತೋರಿಸುವುದಿಲ್ಲ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿದರೇ ಎಷ್ಟೋ ಜನರಿಗೆ ಆರಾಮಾಗುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಇದು ಬರುತ್ತದೆ, ಅದೇ ಥೈರಾಯ್ಡ್ ಮೈನೋವು, ಮರೆವು, ಸುಸ್ತು ಎಲ್ಲವನ್ನೂ ತರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ.

ಆಮೇಲೆ ವಿಟಮಿನ್ ಬಿ12. ನಿಮ್ಮ ರಕ್ತ ಪರೀಕ್ಷೆ ನಾರ್ಮಲ್ ಎಂದು ಬರೆದಿದ್ದೀರಿ. ಯಾವ ಪರೀಕ್ಷೆ? ಎಷ್ಟೋ ಸಲ ಅದು ಬರೀ ಹಿಮೋಗ್ಲೋಬಿನ್ ಮತ್ತು ಸಕ್ಕರೆ ಆಗಿರುತ್ತದೆ. ಬಿ12 ಕಡಿಮೆಯಾಗಿ ನರ ಕೆಡುತ್ತಿದ್ದರೂ ಹಿಮೋಗ್ಲೋಬಿನ್ ಸರಿಯಾಗಿಯೇ ಇರಬಹುದು. ಮಾಂಸ, ಮೊಟ್ಟೆ ತಿನ್ನದವರು, ಹಾಲು ಮೊಸರೂ ಅಷ್ಟಕ್ಕಷ್ಟೇ ಇರುವವರು, ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಈ ಸಾಲಿನಲ್ಲಿ ಬರುತ್ತಾರೆ. ನೋವಿನ ಮಾತ್ರೆಯ ಜೊತೆ ವರ್ಷಗಟ್ಟಲೆ ‘ಗ್ಯಾಸ್ ಮಾತ್ರೆ’ ನುಂಗುವವರೂ ಇದೇ ಸಾಲಿನಲ್ಲಿ. ಅಂದರೆ ಮೈನೋವಿನ ಚಿಕಿತ್ಸೆಯೇ ನಿಧಾನಕ್ಕೆ ಜೋಮು ತಂದಿಡಬಹುದು! ಬಿ12 ಕೊರತೆಯ ಗುರುತು ಕಣ್ಣು ಮುಚ್ಚಿದಾಗ ಸಿಗುತ್ತದೆ. ಬಚ್ಚಲಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮೈ ತೂಗಾಡುತ್ತದೆ. ಕತ್ತಲಲ್ಲಿ ಹಿತ್ತಲಿಗೆ ಹೋಗಲು ಗೋಡೆ ಹಿಡಿಯಬೇಕಾಗುತ್ತದೆ. ಕಾಲು ಎಲ್ಲಿದೆ ಎಂದು ಮಿದುಳಿಗೆ ಸುದ್ದಿ ಹೋಗುತ್ತಿಲ್ಲ, ಕಣ್ಣು ಆ ಕೆಲಸ ಮಾಡುತ್ತಿದೆ. ಬೇಗ ಹಿಡಿದರೆ ಇಂಜೆಕ್ಷನ್‌ನಿಂದ ಚೆನ್ನಾಗಿ ಸುಧಾರಿಸುತ್ತದೆ. ತಡವಾದರೆ ಪೂರ್ತಿ ವಾಪಸು ಬರುವುದಿಲ್ಲ.

ಸಕ್ಕರೆ ಕಾಯಿಲೆಯ ನರದ ತೊಂದರೆ ಪಾದದಿಂದ ಶುರುವಾಗಿ ಕಾಲುಚೀಲ ಏರಿಸಿದ ಹಾಗೆ ಮೇಲೆ ಬರುತ್ತದೆ, ಎರಡೂ ಕಾಲಿಗೆ ಒಂದೇ ಸಮ. ರಾತ್ರಿ ಅಂಗಾಲು ಉರಿ. ಇದು ಎಲ್ಲರಿಗೂ ಗೊತ್ತಿರುವುದೇ.

ನಿಮ್ಮ ತವರು ಕುಷ್ಟಗಿ ಕಡೆ ಎಂದು ಬರೆದದ್ದು ಒಳ್ಳೆಯದಾಯಿತು. ಯಾವ ನೀರು ಕುಡಿದು ಬೆಳೆದಿರಿ? ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಎಲುಬು ಗಟ್ಟಿಯಾಗುತ್ತಾ, ಒರಟಾಗುತ್ತಾ ಹೋಗುತ್ತದೆ, ಕೀಲು ಮತ್ತು ಬೆನ್ನು ಬಿಗಿಯುತ್ತವೆ. ಶುರುವಿನಲ್ಲಿ ಇದೂ ಬರೀ ಮೈಕೈ ನೋವು, ಜೋಮು. ಎಷ್ಟೋ ವರ್ಷಗಳ ನಂತರ ಬೆನ್ನುಮೂಳೆಯೊಳಗಿನ ದಾರಿ ಕಿರಿದಾಗಿ ಬೆನ್ನುಹುರಿಯನ್ನೇ ಒತ್ತುತ್ತದೆ. ಆಗ ಕಾಲು ಸೆಟೆದು ನಡಿಗೆ ಕೆಡುತ್ತದೆ, ಅಂದರೆ ಮೈನೋವು ಅಂದುಕೊಂಡದ್ದು ನಿಜವಾದ ನರರೋಗವಾಗಿ ನಿಲ್ಲುತ್ತದೆ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಇದನ್ನು 1937ರಷ್ಟು ಹಿಂದೆಯೇ ವೈದ್ಯರು ಬರೆದಿಟ್ಟಿದ್ದಾರೆ. ಆದರೂ ಇಂದಿಗೂ ‘ವಾಯು’ ಎಂದು ಎಣ್ಣೆ ತಿಕ್ಕಿಸಿಕೊಂಡು ಕೂತವರನ್ನು ನೋಡುತ್ತೇನೆ. ಆ ಕಡೆಯ ರೈತರೊಬ್ಬರು ಬಂದಿದ್ದರು. ಹಿಂದಿನಿಂದ ಕರೆದರೆ ಕತ್ತು ತಿರುಗಿಸಲಿಲ್ಲ, ಇಡೀ ಮೈಯನ್ನೇ ಬಂಡಿ ತಿರುಗಿಸಿದ ಹಾಗೆ ತಿರುಗಿಸಿದರು. ಬಾಯಿ ತೆರೆದರೆ ಹಲ್ಲಿನ ಮೇಲೆ ಅಡ್ಡಕ್ಕೆ ಕಂದು ಪಟ್ಟಿ. ಮುಂಗೈಯ ಎಕ್ಸ್‌ರೇ ತೆಗೆಸಿದರೆ ಎರಡು ಎಲುಬಿನ ನಡುವಿನ ಪೊರೆಯಲ್ಲೂ ಸುಣ್ಣ ಕಟ್ಟಿತ್ತು.

ಹಲ್ಲಿನ ಬಗ್ಗೆ ಒಂದು ಮಾತು ಸೇರಿಸಬೇಕು. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಆ ನೀರು ಕುಡಿದಿದ್ದರೆ ಮಾತ್ರ ಕಲೆ ಬೀಳುತ್ತದೆ. ಬೇರೆ ಊರಿಂದ ಸೊಸೆಯಾಗಿ ಬಂದವರ ಹಲ್ಲು ಬೆಳ್ಳಗಿರುತ್ತದೆ, ಎಲುಬು ಮಾತ್ರ ಒಳಗೊಳಗೇ ಕೆಟ್ಟಿರಬಹುದು. ನಿಮ್ಮದು ಉಲ್ಟಾ, ಬಾಲ್ಯ ಅಲ್ಲಿ ಕಳೆದು ಇಲ್ಲಿಗೆ ಬಂದವರು. ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳಿ. ಮೂರು ಕೆಲಸ ಮಾಡಿ ನೋಡಿ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟುವುದು. ನೋವಾದರೂ ಮೂರೂ ಆದರೆ ಸಮಾಧಾನ. ಆಗದೇ ಇದ್ದರೆ ಡಾಕ್ಟರಿಗೆ ಹೇಳಿ ಎಕ್ಸ್‌ರೇ ಮಾಡಿಸಿ. ಎಂಆರ್‌ಐಗಿಂತ ಎಷ್ಟೋ ಅಗ್ಗ.

ವಿಟಮಿನ್ ಡಿ ಕೊರತೆಯೂ ಎಲುಬಿನ ನೋವು ತರುತ್ತದೆ. ಇಷ್ಟು ಬಿಸಿಲಿನ ಊರಲ್ಲಿ ಡಿ ಕೊರತೆಯಾ ಎಂದು ನಗಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನೊಳಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುವವರಿಗೆ ಬಿಸಿಲಿನ ಸೆಕೆ ಮಾತ್ರ ಸಿಗುತ್ತದೆ, ಬಿಸಿಲು ಸಿಗುವುದಿಲ್ಲ. ಇದು ತೀರಾ ಹೆಚ್ಚಾದಾಗ ಕುಕ್ಕರಗಾಲಲ್ಲಿ ಕೂತವರು ಕೈ ಊರದೆ ಏಳಲಾರರು.

ಇನ್ನೊಂದು ಇದೆ, ಹೆಸರು ಹೇಳಿದರೆ ಜನ ಮುಖ ತಿರುಗಿಸುತ್ತಾರೆ. ಕುಷ್ಠ. 2005ರಲ್ಲಿ ಭಾರತ ಇದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದೆ ಎಂದು ಘೋಷಿಸಿತು. ಅಂದರೆ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ಎಂದರ್ಥ, ರೋಗವೇ ಹೋಯಿತು ಎಂದಲ್ಲ. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಗೌಂಡಿ ಕೆಲಸದವನೊಬ್ಬ ಬಂದ. ಕಿರುಬೆರಳು, ಉಂಗುರದ ಬೆರಳು ಜೋಮು, ಮೊಣಕೈಯಿಂದ ಕೆಳಗೆ ನೋವು. ಕುತ್ತಿಗೆ ಎಂದುಕೊಂಡೆ, ಮಾತ್ರೆ ಬರೆದೆ. ಅವನು ತುಂಬು ತೋಳಿನ ಅಂಗಿ ಹಾಕಿದ್ದ, ತೋಳು ಮಡಚಿಸಲಿಲ್ಲ. ಐದಾರು ತಿಂಗಳ ನಂತರ ಎರಡು ಬೆರಳು ಮಡಚಿಕೊಂಡು ಬಂದ. ಆಗ ಮೊಣಕೈ ಮುಟ್ಟಿದೆ. ಒಳಬದಿಯ ಗುಂಡಿಯಲ್ಲಿ ನರ ಮೊಬೈಲ್ ಚಾರ್ಜರಿನ ವೈರಿನಷ್ಟು ದಪ್ಪವಾಗಿ ಬೆರಳಿಗೆ ಸಿಕ್ಕಿತು. ಮೈಮೇಲೆ ಒಂದೂ ಮಚ್ಚೆ ಇರಲಿಲ್ಲ. ಮಚ್ಚೆಯಿಲ್ಲದೆ ಬರೀ ನರಕ್ಕೆ ಬರುವ ಕುಷ್ಠವೂ ಇದೆ, ನಮ್ಮ ದೇಶದಲ್ಲಿ ಅಷ್ಟೇನೂ ಅಪರೂಪವಲ್ಲ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ರೋಗ ಪೂರ್ತಿ ವಾಸಿಯಾಗುತ್ತದೆ. ಅವನ ರೋಗವೂ ವಾಸಿಯಾಯಿತು. ಬೆರಳು ನೆಟ್ಟಗಾಗಲಿಲ್ಲ. ಅಂದಿನಿಂದ ಯಾರೇ ಜೋಮು ಅಂದರೂ ಮೊದಲು ತೋಳು ಮೇಲೆತ್ತಿಸುತ್ತೇನೆ.

ಬೆನ್ನುನೋವಿನ ಜೊತೆ ಸಂಜೆ ಜ್ವರ ಬಂದು ತೂಕ ಇಳಿದರೆ ಬೆನ್ನುಮೂಳೆಯ ಟಿಬಿ ಇರಬಹುದು ಎಂದು ನೋಡಬೇಕು. ವಯಸ್ಸಾದವರಲ್ಲಿ ಒಂದೇ ಭುಜದ ನೋವು, ನಡೆಯುವಾಗ ಆ ಕೈ ಬೀಸದಿರುವುದು, ಅಕ್ಷರ ಸಣ್ಣದಾಗುತ್ತಾ ಹೋಗುವುದು ಪಾರ್ಕಿನ್ಸನ್ ರೋಗದ ಮುನ್ಸೂಚನೆ ಆಗಬಹುದು. ಇವು ನಿಮ್ಮ ಪ್ರಶ್ನೆಗೆ ದೂರ, ಓದುವ ಬೇರೆಯವರಿಗೆ ಇರಲಿ ಎಂದು ಹೇಳಿದೆ.

ಹಾಗಾದರೆ ತಲೆಯ ಎಂಆರ್‌ಐ? ಈಗ ಬೇಡ. ಮೊದಲು ಮೈಮುಟ್ಟಿ ಪರೀಕ್ಷೆ ಆಗಲಿ. ನರಗಳ ಪರೀಕ್ಷೆಗೆ ಬೇಕಾದ ಸಾಮಾನು ಬಹಳ ಕಡಿಮೆ. ಒಂದು ಸುತ್ತಿಗೆ, ಒಂದು ಟ್ಯೂನಿಂಗ್ ಫೋರ್ಕ್, ಸ್ವಲ್ಪ ಹತ್ತಿ, ಇಪ್ಪತ್ತು ನಿಮಿಷ. ಸುತ್ತಿಗೆಯಿಂದ ಮಂಡಿ ತಟ್ಟಿದಾಗ ಕಾಲು ಚಿಮ್ಮುವುದು ತೀರಾ ಜೋರಾಗಿದ್ದರೆ ಮಿದುಳು ಅಥವಾ ಬೆನ್ನುಹುರಿಯ ಕಡೆ ನೋಡಬೇಕು. ಚಿಮ್ಮದೇ ಇದ್ದರೆ ಕೈಕಾಲಿನ ನರದ ಕಡೆ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಹೋದರೆ ದೊಡ್ಡವರಲ್ಲಿ ಅದು ಮಿದುಳು ಅಥವಾ ಬೆನ್ನುಹುರಿಯ ತೊಂದರೆಯ ಗುರುತು. 1896ರಲ್ಲಿ ಫ್ರಾನ್ಸಿನ ವೈದ್ಯ ಬಾಬಿನ್‌ಸ್ಕಿ ಕಂಡುಹಿಡಿದ ಈ ಉಪಾಯಕ್ಕೆ ಈಗಲೂ ಒಂದು ಪೈಸೆ ಖರ್ಚಿಲ್ಲ. ಫೋರ್ಕನ್ನು ಮೀಟಿ ಕಾಲಿನ ಹೆಬ್ಬೆರಳ ಮೇಲಿಟ್ಟರೆ ಗುಂಯ್ ಅನ್ನುವುದು ಗೊತ್ತಾಗಬೇಕು. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಫೈಬ್ರೊಮಯಾಲ್ಜಿಯಾ ಒಂದೇ ಇದ್ದರೆ ಇದೆಲ್ಲ ಸರಿಯಾಗಿರುತ್ತದೆ. ಎಲ್ಲಿಯಾದರೂ ತಪ್ಪಿದರೆ, ಆ ತಪ್ಪೇ ಯಾವ ಭಾಗದ ಎಂಆರ್‌ಐ ಬೇಕು ಎಂದು ತೋರಿಸುತ್ತದೆ.

ಗುರಿಯಿಲ್ಲದೆ ತೆಗೆಸಿದ ಎಂಆರ್‌ಐ ಭಯವನ್ನಷ್ಟೇ ತರುತ್ತದೆ. ನಿಮ್ಮ ಕುತ್ತಿಗೆಯ ಡಿಸ್ಕ್ ಉಬ್ಬನ್ನೇ ನೋಡಿ. ಸೊಂಟದ ಡಿಸ್ಕ್ ಬಗ್ಗೆ, ನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನ್ ಲೆಕ್ಕ ಹಾಕಿದ ವರದಿಯೊಂದು 2015ರಲ್ಲಿ ಬಂತು. 20 ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು, 80 ವಯಸ್ಸಿನವರಲ್ಲಿ ನೂರಕ್ಕೆ 84. ತಲೆನರೆಯ ಹಾಗೆ ಅದೂ ಒಂದು. ಕುತ್ತಿಗೆಯ ಕಥೆಯೂ ಹೆಚ್ಚು ಕಡಿಮೆ ಇದೇ. ತಲೆಯ ಸ್ಕ್ಯಾನಿನಲ್ಲೂ ಮೈಗ್ರೇನ್ ಇರುವವರಿಗೆ, ಬಿಪಿ ಇರುವವರಿಗೆ ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ. ವರದಿಯಲ್ಲಿ ಆ ಒಂದು ಸಾಲು ಓದಿದ ಮೇಲೆ ನಿಮಗೆ ಇನ್ನೂ ಎರಡು ವರ್ಷ ನಿದ್ದೆ ಬರುವುದಿಲ್ಲ.

ರಕ್ತದಲ್ಲಿ ನೋಡಬೇಕಾದದ್ದು ಇಷ್ಟು: ಮೈಯೊಳಗೆ ಉರಿಯೂತ ಇದೆಯೇ ಎಂದು ಹೇಳುವ ಇಎಸ್‌ಆರ್ ಅಥವಾ ಸಿಆರ್‌ಪಿ, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಸ್ನಾಯುವಿನ ಸಿಪಿಕೆ. ಹಳೆಯ ರಿಪೋರ್ಟ್ ತೆಗೆದು ಯಾವುದು ಆಗಿದೆ ನೋಡಿ, ಉಳಿದದ್ದು ಮಾತ್ರ ಮಾಡಿಸಿ. ಬೆರಳಿನ ಜೋಮು ನಾನು ಹೇಳಿದ ಹಾಗೇ ಇದ್ದರೆ ನರದ ವೇಗ ಅಳೆಯುವ ಪರೀಕ್ಷೆಯೂ ಬೇಕು. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗದಿಂದ ಶುರು ಮಾಡಿ. ರಾಯಚೂರು, ಕೊಪ್ಪಳದ ಓದುಗರಿಗೂ ಅವರವರ ಜಿಲ್ಲೆಯ ಮೆಡಿಕಲ್ ಕಾಲೇಜು ಇದೆ. ಎಲ್ಲರೂ ನೇರ ಬೆಂಗಳೂರಿನ ನಿಮ್ಹಾನ್ಸ್‌ಗೆ ರಾತ್ರಿ ಬಸ್ಸು ಹಿಡಿಯಬೇಕಿಲ್ಲ.

ಆದರೆ ಇವು ಕಂಡರೆ ಮಾತ್ರ ನಾಳೆ ನಾಡಿದ್ದು ಅನ್ನಬೇಡಿ, ಅದೇ ದಿನ ಹೋಗಿ. ಒಂದು ಕಣ್ಣು ಮಬ್ಬಾದರೆ. ಕಾಲಿನ ಬಲ ಇಳಿಯುತ್ತಾ ಹೋದರೆ, ಅದರಲ್ಲೂ ಪಾದದಿಂದ ಶುರುವಾಗಿ ದಿನದಿನಕ್ಕೆ ಮೇಲೇರಿದರೆ. ಮೂತ್ರ ಕಟ್ಟಿದರೆ, ಅಥವಾ ಕುದುರೆ ಮೇಲೆ ಕೂತರೆ ತಾಗುವ ಜಾಗದಲ್ಲಿ ಸ್ಪರ್ಶ ಹೋದರೆ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ.

ಇನ್ನೊಂದು ವಿಷಯ ಡಾಕ್ಟರುಗಳೇ ಮರೆಯುತ್ತಾರೆ. ಒಂದೇ ಮೈಯಲ್ಲಿ ಎರಡೂ ಇರಬಹುದು. ಫೈಬ್ರೊಮಯಾಲ್ಜಿಯಾ ಇದ್ದವರಿಗೆ ಕಾರ್ಪಲ್ ಟನಲ್ ಬರಬಾರದು ಎಂದು ನಿಯಮವೇನಿಲ್ಲ. ಮೊದಲ ಹೆಸರು ಚೀಟಿಯ ಮೇಲೆ ಬಿದ್ದ ಮೇಲೆ ಏನೇ ಹೊಸದಾಗಿ ಬಂದರೂ ‘ಅದೇ ಕಣ್ರೀ’ ಎಂದು ತಳ್ಳಿಹಾಕುವುದು ಉಂಟು. ಹಳೆಯ ನೋವಿನ ಥರ ಇಲ್ಲದ ಹೊಸದೇನಾದರೂ ಬಂದರೆ, ‘ಇದು ಅದಲ್ಲ ಸರ್, ಬೇರೆ’ ಎಂದು ಬಾಯಿಬಿಟ್ಟು ಹೇಳಿ.

ಎಲ್ಲ ನೋಡಿದ ಮೇಲೆ ಫೈಬ್ರೊಮಯಾಲ್ಜಿಯಾ ಎಂದೇ ಆದರೆ ‘ಏನೂ ಇಲ್ಲ’ ಎಂದು ಅರ್ಥವಲ್ಲ. 2016ರಲ್ಲಿ ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ. ಮೈಯೆಲ್ಲ ನೋವು ಅಂದರೆ ವ್ಯಾಯಾಮ ಮಾಡು ಅಂತಾರಲ್ಲ ಎಂದು ಸಿಟ್ಟು ಬರುತ್ತದೆ, ಗೊತ್ತು. ಅದಕ್ಕೇ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರಕ್ಕೆ ಎರಡೇ ನಿಮಿಷ ಏರಿಸಿ. ಚೆನ್ನಾಗಿದೆ ಅನ್ನಿಸಿದ ದಿನ ಒಂದೇ ಸಲ ಮನೆಯೆಲ್ಲ ತೊಳೆದು, ಮುಂದಿನ ಮೂರು ದಿನ ಮಲಗುವ ತಪ್ಪು ಮಾಡಬೇಡಿ. ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದುಕೊಡಬಹುದು. ಫೋನಿನಲ್ಲಿ ಹುಡುಕಿದರೆ ಖಿನ್ನತೆಯ ಮಾತ್ರೆ ಎಂದು ಬರುತ್ತದೆ, ಗಾಬರಿಯಾಗಬೇಡಿ. ಇಷ್ಟು ಸಣ್ಣ ಪ್ರಮಾಣದಲ್ಲಿ ಕೊಡುವುದು ನಿದ್ದೆಗೆ ಮತ್ತು ಆ ಟೆನ್ಷನ್ ಗುಂಡಿ ಸಡಿಲಿಸುವುದಕ್ಕೆ. ಎಲ್ಲರಿಗೂ ಕೆಲಸ ಮಾಡುತ್ತದೆ ಎಂದು ಹೇಳಲಾರೆ.

ಕೆಲಸ ಬಿಡಬೇಡಿ. ಬಿಟ್ಟವರ ನೋವು ಕಡಿಮೆಯಾದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ, ಕೈಯಲ್ಲಿ ಕಾಸು ಕಡಿಮೆಯಾದದ್ದನ್ನು ಕಂಡಿದ್ದೇನೆ. ಮುಕ್ಕಾಲು ತಾಸಿಗೊಮ್ಮೆ ಎದ್ದು ಎರಡು ನಿಮಿಷ ನಿಲ್ಲಿ. ಸ್ಟೂಲು ಎಷ್ಟು ಎತ್ತರ ಇರಬೇಕೆಂದರೆ, ಬಟ್ಟೆ ತಳ್ಳುವಾಗ ಭುಜ ಕಿವಿಯ ಕಡೆ ಏರಬಾರದು.

ಡಾಕ್ಟರ ಹತ್ತಿರ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹಳ್ಳಿಯಲ್ಲಿ, ಸಂತೆಯಲ್ಲಿ ಮೈನೋವಿಗೆ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ ಏನಾದರೂ ಇದ್ದರೆ ನಾಚಿಕೊಳ್ಳದೆ ಅದನ್ನೂ ಹಾಕಿ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ತಿಂದ ದಿನ ಹಗುರ, ಬಿಟ್ಟ ದಿನ ಮೈಯೆಲ್ಲ ನೋವು, ಸುಸ್ತು. ತಿಂಗಳುಗಟ್ಟಲೆ ತಿಂದಿದ್ದರೆ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಅದು ಅಪಾಯ. ಹೇಗೆ ಇಳಿಸಬೇಕೆಂದು ಚೀಲ ನೋಡಿದ ಡಾಕ್ಟರು ಹೇಳುತ್ತಾರೆ.